ರಬ್ಬರಣ್ಣನ ಮನೆಯ ಪಿಯಾನೋ

ಇಲ್ಲದ್ದನ್ನು ಇದೆ ಎನ್ನುವವನನ್ನು ಲೋಕ ಸುಳ್ಳುಗಾರ ಎಂದು ಕರೆಯುತ್ತದೆ. ಅದೇ ಕೆಲಸವನ್ನು ಕಂಪ್ಯೂಟರಿನ ಮುಂದೆ ಕುಳಿತು ಮಾಡಿದರೆ ಕರೆದು ಸಂಬಳ ಕೊಡುತ್ತದೆ. ನಮ್ಮ ರಬ್ಬರಣ್ಣ ಸಂಬಳದ ಜಾತಿಗೆ ಸೇರಿದವನು. ಮನೆ ಮಾರಿಕೊಡುವ ಏಜೆಂಟರೊಬ್ಬರ ಕಚೇರಿಯಲ್ಲಿ, ಜೆರಾಕ್ಸ್ ಯಂತ್ರದ ಹಿಂದಿನ ಮೂಲೆಯಲ್ಲಿ ಅವನ ಮೇಜು. ಮಾರಾಟಕ್ಕಿರುವ ಮನೆಗಳ ಫೋಟೋಗಳು ಅವನ ಮುಂದೆ ಬರುತ್ತಿದ್ದವು. ಅಲ್ಲಿದ್ದ ಹರಕು ಚಾಪೆ, ಮುರುಕು ಸ್ಟೂಲುಗಳನ್ನು ಅವನು ಅಳಿಸುತ್ತಿದ್ದ. ಆ ಜಾಗದಲ್ಲಿ ಸೋಫಾ ಹಾಕಿ, ಸೋಫಾದ ಪಕ್ಕ ದೀಪ ಇಟ್ಟು, ದೀಪದ ಕೆಳಗೆ ಯಾರೂ ಓದದ ಎರಡು ಪುಸ್ತಕ ಜೋಡಿಸುತ್ತಿದ್ದ. ಫೋಟೋದ ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ಪೀಠೋಪಕರಣಗಳು ಕಾಲ್ಪನಿಕ’ ಎಂದು ಬರೆದಿರುತ್ತಿತ್ತು. ಅದನ್ನು ಓದಿದ ಗಿರಾಕಿ ಇನ್ನೂ ಹುಟ್ಟಿಲ್ಲ.

ಹಿಂದೆ ಅವನು ಒಂದು ಫೋಟೋ ಸ್ಟುಡಿಯೋದಲ್ಲಿದ್ದ. ಮೊಡವೆ, ಮಚ್ಚೆ, ಮದುವೆ ಫೋಟೋದ ನಡುವೆ ತಲೆ ತೂರಿಸಿದ ಬೇಡದ ನೆಂಟ, ಎಲ್ಲವನ್ನೂ ಗುರುತು ಸಿಗದಂತೆ ಅಳಿಸುತ್ತಿದ್ದ. ಹಾಗೆ ಬಂದದ್ದು ರಬ್ಬರಣ್ಣ ಎಂಬ ಬಿರುದು. ಸ್ಟುಡಿಯೋ ಮುಚ್ಚಿಹೋಯಿತು, ಬಿರುದು ಉಳಿಯಿತು. ತಲೆಗೂದಲು ಮಾತ್ರ ತಾನಾಗಿಯೇ ಅಳಿಸಿಹೋಯಿತು, ಅದರಲ್ಲಿ ಅವನ ಕೈವಾಡವಿರಲಿಲ್ಲ.

ಕಂಪ್ಯೂಟರಿನಲ್ಲಿ ಇಷ್ಟೆಲ್ಲ ಸುಳ್ಳು ಹೇಳುವವನಿಗೆ ಬಾಯಲ್ಲಿ ಒಂದು ಸುಳ್ಳೂ ಬರುತ್ತಿರಲಿಲ್ಲ ಎಂದರೆ ನೀವು ನಂಬಬೇಕು. ಇಕ್ಕಟ್ಟಿನ ಪ್ರಶ್ನೆ ಬಂದರೆ ಅವನಿಗೆ ಕೆಮ್ಮು ಬರುತ್ತಿತ್ತು. ಹೆಣ್ಣು ಕೊಡುವವರು ಮನೆ ನೋಡಲು ಬಂದಾಗ ಮಾವ ಆಗುವವರು “ಮನೆ ಸ್ವಂತದ್ದೋ?” ಎಂದು ಕೇಳಿದ್ದರು. ಮನೆ ಬಾಡಿಗೆಯದು. ರಬ್ಬರಣ್ಣ ಕೆಮ್ಮಿದ. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ. ಮಾವ ಬೆನ್ನು ತಟ್ಟಿ ನೀರು ಕುಡಿಸಿದರು, ಮಾತು ಬೇರೆ ಕಡೆ ಹೊರಳಿತು, ಮದುವೆ ನಡೆದುಹೋಯಿತು. ಆಮೇಲೆ ಹೆಂಡತಿಯ ಹತ್ತಿರ, “ನಿಮ್ಮ ಮನೆಯವರಿಗೆ ಮಾತ್ರ ಹೇಳಬೇಡ, ಮಾನ ಹೋಗುತ್ತೆ” ಎಂದು ಅಂಗಲಾಚಿದ. ಅವಳು “ಆಯ್ತು” ಎಂದಳು. ಒಂದು ಕೆಮ್ಮಿನ ಮೇಲೆ ಒಂದು ಸಂಸಾರ ಅಷ್ಟು ವರ್ಷ ನಿಂತಿತ್ತು.

ಆ ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು.

ಅವಳು ಹೊಲಿಗೆ ಅಂಗಡಿಯವರ ಅಂಗಿಗಳಿಗೆ ಗುಂಡಿ ಹಾಕಿಕೊಡುತ್ತಿದ್ದಳು. ನಡುಮನೆಯ ಕಿಟಕಿಯ ಪಕ್ಕ ಗೋಡೆಗೆ ಆನಿಸಿದ ಬೆತ್ತದ ಕುರ್ಚಿ ಅವಳದು. ಸಂಜೆ ಕೊನೆಯ ಗುಂಡಿಯ ದಾರ ಹಲ್ಲಿನಿಂದ ಕತ್ತರಿಸಿ, ತಲೆಯನ್ನು ಗೋಡೆಗೆ ಒರಗಿಸಿ ಕಣ್ಣು ಮುಚ್ಚುತ್ತಿದ್ದಳು. ವರ್ಷಗಟ್ಟಲೆ ಒರಗಿದ ತಲೆಯ ಎಣ್ಣೆ ಗೋಡೆಯ ಮೇಲೆ ಅಂಗೈ ಅಗಲದ ಕಲೆಯಾಗಿತ್ತು. ಅದನ್ನು ಕಂಡರೆ ರಬ್ಬರಣ್ಣನಿಗೆ ಮೈಯೆಲ್ಲ ಉರಿ. “ತಲೆ ಇಡಬೇಡ ಅಂದ್ರೆ ಕೇಳಲ್ವಲ್ಲ ನೀನು! ಗೋಡೆ ನಮ್ಮಪ್ಪನದಾ? ನಾಳೆ ಯಜಮಾನ ಕೇಳಿದ್ರೆ ಏನ್ ಹೇಳ್ಲಿ?” ಅವಳು ಸೋಪು ಹಾಕಿ ಉಜ್ಜುತ್ತಿದ್ದಳು. ಕಲೆ ಹೋಗುತ್ತಿರಲಿಲ್ಲ. ಮರುದಿನ ಸಂಜೆ ತಲೆ ಅಲ್ಲೇ ಹೋಗಿ ಕೂರುತ್ತಿತ್ತು. ಈಗ ಅವಳಿಲ್ಲ, ಕಲೆ ಇದೆ. ಕಚೇರಿಯಿಂದ ಬಂದವನು ಚಪ್ಪಲಿ ಬಿಟ್ಟು ಮೊದಲು ಆ ಕಡೆ ನೋಡುತ್ತಿದ್ದ, ಆಮೇಲೆ ದೀಪ ಹಾಕುತ್ತಿದ್ದ.

ಹೀಗಿರುವಾಗ ಒಂದು ದಿನ ಬೇರೆ ಊರಿನಲ್ಲಿದ್ದ ಮನೆ ಯಜಮಾನ ಫೋನ್ ಮಾಡಿದ. “ನಾಳೆ ಮನೆ ನೋಡೋಕೆ ಒಬ್ಬರು ಬರ್ತಾರೆ. ಕೀಲಿ ಮೇಲ್ಮನೆಯವರ ಹತ್ರ ಕೊಟ್ಟಿರಿ.” ಸ್ನಾನದ ಮನೆಯ ನಲ್ಲಿ ಸೋರುವುದನ್ನು ಹೇಳಿ ಹೇಳಿ ಸಾಕಾಗಿದ್ದ ರಬ್ಬರಣ್ಣ, ಅಂತೂ ನಲ್ಲಿ ರಿಪೇರಿಯವನು ಬಂದ ಎಂದು ಹಿಗ್ಗಿದ. ಕೀಲಿಯನ್ನು ಮೇಲ್ಮನೆಯ ಟೀಚರಮ್ಮನಿಗೆ ಕೊಟ್ಟು ಕಚೇರಿಗೆ ಹೋದ. ಸಂಜೆ ಬಂದು ನೋಡಿದರೆ ನಲ್ಲಿ ಸೋರುತ್ತಲೇ ಇತ್ತು. ಕೆಲಸದವರ ಹಣೆಬರಹವೇ ಇಷ್ಟು ಎಂದುಕೊಂಡು ಬಕೆಟ್ ಇಟ್ಟು ಮಲಗಿದ.

ಮರುದಿನ ಕಂಪ್ಯೂಟರಿನಲ್ಲಿ ಹೊಸ ಮನೆಯ ಫೋಟೋ ತೆರೆದ. ಎಲ್ಲೋ ನೋಡಿದ ಹಾಗಿದೆಯಲ್ಲ ಎನ್ನಿಸಿತು. ಕುರ್ಚಿಯ ಮೇಲೆ ಒಣಗಲು ಹಾಕಿದ ಬನಿಯನ್ನಿನ ತೂತು ಕೂಡ ಪರಿಚಯದ್ದೇ. ತನ್ನ ಮನೆಯನ್ನು ಬನಿಯನ್ನಿನಿಂದ ಗುರುತಿಸಿದ ಮೊದಲ ಮನುಷ್ಯ ಅವನೇ ಇರಬೇಕು.

ಅಷ್ಟರಲ್ಲಿ ಬೆನ್ನ ಹಿಂದೆ ಏಜೆಂಟರು ಬಂದು ನಿಂತರು. ಅವರಿಗೆ ಕೆಲಸದವರ ಹೆಸರೇ ನೆಟ್ಟಗೆ ನೆನಪಿರುತ್ತಿರಲಿಲ್ಲ, ವಿಳಾಸ ಎಲ್ಲಿಂದ ಗೊತ್ತಿರಬೇಕು.

“ಅಯ್ಯೋ ರಾಮ, ಇದೇನ್ರೀ ಕೊಂಪೆ! ಇದರಲ್ಲಿ ಮನುಷ್ಯರು ಇದ್ದಾರೇನ್ರೀ?”

ರಬ್ಬರಣ್ಣ ಕೆಮ್ಮಿದ.

“ಧೂಳು ನೋಡಿದ್ರೇ ಕೆಮ್ಮು ಬರುತ್ತೆ ಅಲ್ವಾ? ಎಲ್ಲ ಅಳಿಸಿ. ಒಂದು ಮೊಳೆಯೂ ಉಳೀಬಾರದು. ಯಜಮಾನರಿಗೆ ಬೇಗ ಮಾರಬೇಕಂತೆ. ಬಾಡಿಗೆಯವನನ್ನ ಎಬ್ಬಿಸೋದು ಅವರ ಜವಾಬ್ದಾರಿ.”

ಹೀಗೆ ತನ್ನ ಮನೆ ಮಾರಾಟಕ್ಕಿದೆ ಎಂಬ ಸುದ್ದಿಯೂ, ತನ್ನನ್ನು ತಾನೇ ಅಳಿಸಬೇಕೆಂಬ ಆಜ್ಞೆಯೂ ಅವನಿಗೆ ಒಟ್ಟಿಗೇ ಸಿಕ್ಕಿದವು. ‘ಸ್ವಾಮೀ, ಆ ಬಾಡಿಗೆಯವನು ನಾನೇ’ ಎನ್ನಬಹುದಿತ್ತು. ಆದರೆ ಕಚೇರಿಯಲ್ಲೂ ಯಾರೋ ಒಮ್ಮೆ ಮನೆ ಸ್ವಂತದ್ದೋ ಎಂದು ಕೇಳಿದಾಗ ಕೆಮ್ಮಿಬಿಟ್ಟಿದ್ದ. ಹಾಗಾಗಿ ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಇಳಿದ. ಬನಿಯನ್ ಅಳಿಸಿದ. ಔಷಧಿ ಡಬ್ಬಿಗಳಿದ್ದ ಶೆಲ್ಫ್ ಅಳಿಸಿದ. ಹೆಂಡತಿಯ ಸೀರೆಗಳಿದ್ದ ಕಬ್ಬಿಣದ ಪೆಟ್ಟಿಗೆ ಅಳಿಸಿದ, ಆದರೆ ನೆಲದ ಮೇಲಿನ ಅದರ ನೆರಳು ಏನು ಮಾಡಿದರೂ ಹೋಗಲೊಲ್ಲದು, ಅದರ ಮೇಲೆ ಒಂದು ಪಿಯಾನೋ ತಂದು ಇಟ್ಟ. ಬೆತ್ತದ ಕುರ್ಚಿಯ ಮುಂದೆ ಕೈ ಸ್ವಲ್ಪ ಹೊತ್ತು ತಡೆಯಿತು. ಕೊನೆಗೆ ಕಣ್ಣು ಮುಚ್ಚಿಕೊಂಡು ಅದನ್ನೂ ಅಳಿಸಿ ನೀಲಿ ಸೋಫಾ ಹಾಕಿದ.

ಉಳಿದದ್ದು ಗೋಡೆಯ ಕಲೆ. ಒಂದು ಸಲ ಒರೆಸಿದರೆ ಸಾಕು. ಅಷ್ಟು ವರ್ಷ ಸೋಪಿಗೆ ಜಗ್ಗದ ಕಲೆ ಒಂದೇ ಕ್ಷಣಕ್ಕೆ ಹೋಗುತ್ತಿತ್ತು. ಯಾರ ಮುಖದ ಮೇಲೆ ಏನಿದ್ದರೂ ಅಳಿಸಿದ ಕೈ ಅಂದು ಏಳಲಿಲ್ಲ. ಅಳಿಸುವ ಬದಲು ಅದರ ಮೇಲೆ ನದಿ, ದೋಣಿ, ದೂರದ ಬೆಟ್ಟಗಳಿದ್ದ ಒಂದು ಚಿತ್ರಪಟ ತೂಗುಹಾಕಿದ. ಪಟದ ಹಿಂದೆ ಕಲೆ ಕ್ಷೇಮವಾಗಿತ್ತು.

ಏಜೆಂಟರು ನೋಡಿ, “ಅರಮನೆ ಮಾಡಿಬಿಟ್ರಲ್ರೀ!” ಎಂದರು. ಫೋಟೋಗಳು ಲೋಕಕ್ಕೆ ಹೋದವು.

ಲೋಕ ಎಂದರೆ ಮೊದಲು ಮೇಲ್ಮನೆಯ ಟೀಚರಮ್ಮ. ನಿವೃತ್ತಿಯಾದ ಮೇಲೆ, ಕೊಳ್ಳುವ ಯೋಚನೆ ಎಳ್ಳಷ್ಟೂ ಇಲ್ಲದೆ, ಮಾರಾಟಕ್ಕಿರುವ ಮನೆಗಳನ್ನೆಲ್ಲ ಫೋನಿನಲ್ಲಿ ನೋಡಿ ಅಂಕ ಹಾಕುವುದು ಅವರ ಹವ್ಯಾಸ. ತಮ್ಮದೇ ಕಟ್ಟಡ, ತಮ್ಮದೇ ಕಿಟಕಿ, ಒಳಗೆ ಪಿಯಾನೋ! ಬರೆದದ್ದನ್ನು ಓದುವ ತಾಳ್ಮೆಯನ್ನು ಮಕ್ಕಳ ಉತ್ತರ ಪತ್ರಿಕೆಗಳಲ್ಲೇ ಮುಗಿಸಿದ್ದ ಅವರು ಚಿತ್ರಗಳನ್ನಷ್ಟೇ ನೋಡಿದರು. ರಬ್ಬರಣ್ಣನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಅವಳ ತಂಗಿಯ ನಂಬರ್ ಅವರ ಫೋನಿಗೆ ಬಂದಿತ್ತು. ಆ ನಂಬರಿಗೆ ಫೋಟೋ ಕಳಿಸಿ, ಕೆಳಗೆ ಹೀಗೆ ಬರೆದರು: “ನಿಮ್ಮ ಭಾವ ಹೊಸ ಜೀವನ ಶುರು ಮಾಡಿದ ಹಾಗಿದೆ. ತುಂಬಾ ಸಂತೋಷ.”

ಎರಡನೆಯದಾಗಿ ಸುದ್ದಿ ಮುಟ್ಟಿದ್ದು ಕಟ್ಟಡದ ಸಂಘದ ಕಾರ್ಯದರ್ಶಿಗೆ. ಆತ ಸಂಜೆಯೇ ಬಂದು ಬಾಗಿಲು ತಟ್ಟಿದ.

“ಪಿಯಾನೋ ಬಂದಿದೆಯಂತೆ.”

ರಬ್ಬರಣ್ಣ ಬಾಗಿಲ ಸಂದಿಯಿಂದ ಮುಖವನ್ನಷ್ಟೇ ಹೊರಗೆ ಹಾಕಿ ಕೆಮ್ಮಿದ.

“ಲಿಫ್ಟಿನಲ್ಲಿ ತಂದ್ರೋ, ಮೆಟ್ಟಿಲಲ್ಲೋ?”

ಮತ್ತೆ ಕೆಮ್ಮಿದ.

“ಮೆಟ್ಟಿಲಲ್ಲಿ ಹೊತ್ತಿದೀರಿ, ಕೆಮ್ಮಿನಲ್ಲೇ ಗೊತ್ತಾಗುತ್ತೆ. ಈ ವಯಸ್ಸಲ್ಲಿ ಯಾಕ್ರೀ ಬೇಕಿತ್ತು? ಇರಲಿ. ಭಾರದ ಸಾಮಾನು ತರೋಕೆ ಸಂಘದ ಅನುಮತಿ ಬೇಕು, ನೋಟಿಸ್ ಹಾಕ್ತೀನಿ. ಇನ್ನೊಂದು ಮಾತು. ಕೆಳಮನೆಯವರು ದೂರು ಕೊಟ್ಟಿದ್ದಾರೆ, ನಿನ್ನೆ ಬಹಳ ಹೊತ್ತು ಬಾರಿಸಿದ್ರಂತೆ.”

“ನಿನ್ನೆಯಾ?”

“ಮೊನ್ನೇನೂ ಕೇಳಿಸಿತಂತೆ. ತಾಳ ತಪ್ಪುತ್ತೆ ಅಂತಾನೂ ಹೇಳಿದ್ರು.”

ಬಕೆಟ್ಟಿಗೆ ಬೀಳುತ್ತಿದ್ದ ನಲ್ಲಿಯ ನೀರಿಗೆ ತಾಳ ಎಲ್ಲಿಂದ ಬರಬೇಕು! ಇನ್ನು ಮುಂದೆ ಮೆಲ್ಲಗೆ ಬಾರಿಸುವುದಾಗಿ ರಬ್ಬರಣ್ಣ ತಲೆಯಾಡಿಸಿ ಒಪ್ಪಿಕೊಂಡ. ಆ ಮಟ್ಟಿಗೆ ಅವನ ಪರಿಸ್ಥಿತಿ ಹದಗೆಟ್ಟಿತ್ತು.

ಮೂರನೆಯದಾಗಿ ಬಂದವಳು ನಾದಿನಿ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು, ಅಥವಾ ಸಿಟ್ಟಿಗೆ ಕೆಂಪಾಗಿತ್ತು.

“ಒಳಗೆ ಬಿಡಿ ಭಾವ.”

“ಮನೆ ಗಲೀಜಾಗಿದೆ ಕಣಮ್ಮ.”

“ಫೋಟೋದಲ್ಲಿ ಥಳಥಳ ಅಂತಿತ್ತು! ಯಾರು ಅವಳು?”

“ಯಾರು?”

“ಪಿಯಾನೋ ಬಾರಿಸೋಳು! ಸೋಫಾ ಯಾರಿಗೆ ಹಾಕಿಸಿದ್ರಿ? ಮದುವೆ ಆಗ್ತಿದೀರಾ?”

ಬಡಪಾಯಿಗೆ ಕೆಮ್ಮು ಬಂದುಬಿಟ್ಟಿತು. ಅವನು ಕೆಮ್ಮಿದ್ದು ‘ಇಲ್ಲ’ ಎನ್ನಲು ಬಾಯಿ ತೆರೆದಾಗ. ಆದರೆ ನೆಂಟರ ಮುಂದೆ ಕೆಮ್ಮಿಗೆ ಇರುವುದು ಒಂದೇ ಅರ್ಥ.

ನಾದಿನಿಯ ದನಿ ತಗ್ಗಿತು. “ಆಗಿ ಭಾವ. ಬೇಡ ಅಂತ ನಾನ್ಯಾಕೆ ಹೇಳ್ಲಿ. ಒಬ್ಬರೇ ಎಷ್ಟು ದಿನ ಇರ್ತೀರಿ. ಆದರೆ ಅಕ್ಕನ ಕುರ್ಚಿ ಏನ್ ಮಾಡಿದ್ರಿ? ಎಸೆಯೋ ಮೊದಲು ನನಗೊಂದು ಮಾತು ಹೇಳಬಾರದಿತ್ತಾ? ಬಂದು ತಗೊಂಡು ಹೋಗ್ತಿದ್ದೆ. ಅವಳು ಕೂತ ಜಾಗ ಅಂತ ನಮಗೆ ಉಳಿದಿದ್ದು ಅದೊಂದೇ.”

ಬಾಗಿಲನ್ನು ಇನ್ನೊಂದು ಗೇಣು ತೆರೆದಿದ್ದರೆ ಕುರ್ಚಿ ಕಾಣುತ್ತಿತ್ತು. ಆದರೆ ಕುರ್ಚಿ ತೋರಿಸಿದರೆ ಸೋಫಾ ಎಲ್ಲಿ ಎನ್ನುತ್ತಾಳೆ, ಸೋಫಾ ಸುಳ್ಳೆಂದರೆ ಫೋಟೋ ಯಾಕೆ ಎನ್ನುತ್ತಾಳೆ, ಫೋಟೋ ಮಾರಾಟಕ್ಕೆಂದರೆ ಮಾರುತ್ತಿರುವವನು ಯಾರೋ ಯಜಮಾನ ಎಂದು ಹೇಳಬೇಕಾಗುತ್ತದೆ. ಮಾವನ ಮುಂದೆ ಉಳಿಸಿಕೊಂಡ ಮಾನ ಮಾವ ಸತ್ತ ಮೇಲೆ ಹೋಗಬೇಕೇ? ಅವನು ಬಾಗಿಲು ತೆರೆಯಲಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮೆಟ್ಟಿಲಿಳಿದು ಹೋದಳು. ಅವನು ಒಳಗೆ ಬಂದು ಖಾಲಿ ಕುರ್ಚಿಯ ಮುಂದೆ ನೆಲದ ಮೇಲೆ ಕುಳಿತು ಅತ್ತ. ಅಳು ಬರುವಾಗ ಕೆಮ್ಮು ಬರಲಿಲ್ಲ.

ಭಾನುವಾರ ಮನೆ ನೋಡುವವರು ಬಂದರು. ಕನ್ನಡಕದ ಗಂಡ, ಉತ್ಸಾಹದ ಹೆಂಡತಿ, ಮುಂದೆ ದಾರಿ ತೋರಿಸುತ್ತ ಏಜೆಂಟರು. ಪಿಯಾನೋ ನೋಡುವ ಆಸೆಯಿಂದ ಟೀಚರಮ್ಮ ಕೆಳಗಿಳಿದು ಬಂದರು. ನೋಟಿಸ್ ಹಿಡಿದು ಕಾರ್ಯದರ್ಶಿ ಬಂದ. ಸರಿಯಾಗಿ ಅದೇ ಹೊತ್ತಿಗೆ ನಾದಿನಿಯೂ ಬಂದಳು. ಆ ವಾರವೆಲ್ಲ ಅವಳು ಗುಜರಿ ಅಂಗಡಿಗಳನ್ನು ಸುತ್ತಿ ಬೆತ್ತದ ಕುರ್ಚಿ ಹುಡುಕಿದ್ದಳು. ಸಿಗದೆ, ಯಾವ ಗುಜರಿಯವನಿಗೆ ಕೊಟ್ಟಿರಿ ಎಂದು ಕೇಳಲು ಬಂದಿದ್ದಳು.

ರಬ್ಬರಣ್ಣ ಬಾಗಿಲು ತೆರೆದ. ಇನ್ನು ಮುಚ್ಚಿಡಲು ದಾರಿಯಿರಲಿಲ್ಲ.

ಏಜೆಂಟರು ಮೊದಲು ಅವನನ್ನು ನೋಡಿದರು. “ನೀವೇನ್ರೀ ಇಲ್ಲಿ? ರಜಾ ದಿನವೂ ಕೆಲಸಾನಾ?”

“ನಾನೇ ಸಾರ್ ಬಾಡಿಗೆಯವನು.”

ಏಜೆಂಟರು ಅವನನ್ನೂ ಬಾಗಿಲನ್ನೂ ಎರಡೆರಡು ಸಲ ನೋಡಿದರು. ಆಮೇಲೆ ಅವರ ಬಾಯಿಂದ ಹೊರಟದ್ದು ಹೀಗೆ: “ಸ್ವಂತ ಮನೇನೇ ಗುರುತು ಸಿಗದ ಹಾಗೆ ಮಾಡಿದೀರಲ್ರೀ! ಭೇಷ್!”

ಎಲ್ಲರೂ ಒಳಗೆ ನುಗ್ಗಿದರು. ನುಗ್ಗಿದವರು ನಿಂತರು. ಬನಿಯನ್ ಇತ್ತು, ಶೆಲ್ಫ್ ಇತ್ತು, ಔಷಧಿ ಡಬ್ಬಿಗಳಿದ್ದವು. ಪೆಟ್ಟಿಗೆ ಇದ್ದಲ್ಲೇ ಇತ್ತು. ಕಾರ್ಯದರ್ಶಿ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿ, “ಪಿಯಾನೋ ಸಾಗಿಸಿಬಿಟ್ರಾ? ಅದಕ್ಕೂ ಅನುಮತಿ ಬೇಕಿತ್ತು” ಎಂದ.

ಕೊಳ್ಳುವ ಹೆಂಗಸಿನ ಚಿಂತೆ ಬೇರೆಯೇ. “ಆ ದೋಣಿ ಚಿತ್ರ ಇತ್ತಲ್ಲ, ಎಲ್ಲಿ? ನನಗೆ ಅದೇ ಇಷ್ಟ ಆಗಿದ್ದು.” ಚಿತ್ರ ಹುಡುಕುತ್ತ ಗೋಡೆಯ ಹತ್ತಿರ ಹೋದವಳು ಮೂಗು ಮುರಿದಳು. “ಇಶ್ಶೀ, ಇದೇನಿದು ಜಿಡ್ಡು?”

“ಏನಿಲ್ಲ ಮೇಡಂ, ಎರಡು ಕೈ ಬಣ್ಣ ಹೊಡೆದರೆ ಮಾಯ” ಎಂದರು ಏಜೆಂಟರು.

ನಾದಿನಿ ಬಾಗಿಲಲ್ಲೇ ನಿಂತಿದ್ದಳು. ಅವಳು ಯಾರನ್ನೂ ನೋಡಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಬನಿಯನ್ ತೆಗೆದು ಪಕ್ಕಕ್ಕಿಟ್ಟು, ಬೆತ್ತದ ಕುರ್ಚಿಯ ಕೈಗಳನ್ನು ಒಮ್ಮೆ ಸವರಿ ಕುಳಿತಳು. ತಲೆ ಹಿಂದಕ್ಕೆ ಒರಗಿತು. ಅಕ್ಕನದೇ ಎತ್ತರ ಅವಳದು. ತಲೆ ಸರಿಯಾಗಿ ಆ ಕಲೆಯ ಮೇಲೆ ಹೋಗಿ ಕೂತಿತು. ಅವಳು ಕಣ್ಣು ಮುಚ್ಚಿಕೊಂಡಳು.

ಟೀಚರಮ್ಮ ಕಿಟಕಿಯ ಕಡೆ ತಿರುಗಿದರು. ಕಾರ್ಯದರ್ಶಿ ನೋಟಿಸನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡ. ಕೊಳ್ಳುವ ಹೆಂಗಸು, “ನನಗೆ ಗೊತ್ತಿರಲಿಲ್ಲ” ಎಂದು ಯಾರಿಗೋ ಮೆಲ್ಲಗೆ ಹೇಳಿ ಗಂಡನ ತೋಳು ಹಿಡಿದು ಹೊರಗೆ ನಡೆದಳು. ಒಳ್ಳೆಯ ಹೆಂಗಸು. ಹಾಗೆಂದು ಮನೆ ಕೊಳ್ಳುವುದನ್ನು ಬಿಡಲಿಲ್ಲ, ಬಿಡಬೇಕೆಂದು ಕೇಳಲು ನಾವು ಯಾರು?

ಎಲ್ಲರೂ ಹೋದ ಮೇಲೆ ರಬ್ಬರಣ್ಣ ಪೆಟ್ಟಿಗೆಯ ಮೇಲೆ ಕುಳಿತ. “ತಪ್ಪಾಯ್ತು ಕಣಮ್ಮ. ಈ ಮನೆ ನಮ್ಮದಲ್ಲ. ಯಾವತ್ತೂ ಆಗಿರಲಿಲ್ಲ. ನಿಮ್ಮಪ್ಪ ಕೇಳಿದಾಗ…”

“ಕೆಮ್ಮಿದ್ರಿ” ಎಂದಳು ನಾದಿನಿ, ಕಣ್ಣು ತೆರೆಯದೆ. “ಆವತ್ತು ನಾನು ಚಿಕ್ಕವಳು, ಅಪ್ಪನ ಕೈ ಹಿಡ್ಕೊಂಡು ಬಂದಿದ್ದೆ. ವಾಪಸ್ ಹೋಗ್ತಾ ದಾರಿಯಲ್ಲೇ ಅಪ್ಪ ಅಂದ್ರು, ‘ಬಾಡಿಗೆ ಮನೆ. ಪಾಪ, ಹುಡುಗನಿಗೆ ಸುಳ್ಳು ಹೇಳೋಕೆ ಬರಲಿಲ್ಲ, ಕೆಮ್ಮಿಬಿಟ್ಟ. ಇಂಥವನಿಗೆ ಕಣ್ಣು ಮುಚ್ಚಿ ಮಗಳನ್ನ ಕೊಡಬಹುದು’ ಅಂತ. ಜೊತೇಲಿದ್ದ ಅಕ್ಕ ದಾರಿಯೆಲ್ಲ ನಗ್ತಾ ನಗ್ತಾ ಬಂದ್ಲು.”

ರಬ್ಬರಣ್ಣ ಬಾಯಿ ತೆರೆದವನು ಮುಚ್ಚಲಿಲ್ಲ. “ಹಾಗಾದ್ರೆ ಅವಳು… ನಾನು ಹೇಳಬೇಡ ಅಂದಾಗ…”

“ಆಯ್ತು ಅಂದ್ಲು. ನಮಗೂ ಬಾಯಿ ಬಿಡಬೇಡಿ ಅಂತ ಹೇಳಿದ್ಲು. ನಿಮಗೆ ನಾಚಿಕೆ ಆಗುತ್ತೆ ಅಂತ.”

ಅವನು ಕುರ್ಚಿಯ ಹಿಂದಿನ ಗೋಡೆ ನೋಡುತ್ತ ಹೇಳಿದ, “ಗೋಡೆಗೆ ತಲೆ ಇಡಬೇಡ ಅಂತ ದಿನಾ ಬೈತಿದ್ದೆ ಕಣಮ್ಮ. ಕೊನೆಕೊನೆಗೆ ಕೂರೋಕೇ ಆಗ್ತಿರಲಿಲ್ಲ ಅವಳಿಗೆ. ಆಗಲೂ ಒಂದು ಟವೆಲ್ ಮಡಿಸಿ ತಲೆ ಹಿಂದೆ ಇಟ್ಕೊಂಡ್ಲು. ‘ನೋಡಿ, ನಿಮ್ಮ ಗೋಡೆಗೆ ಏನೂ ಆಗಲ್ಲ’ ಅಂದ್ಲು. ಆ ಟವೆಲ್ ತೆಗೆದು ಎಸೆದು, ಇಡೇ, ತಲೆ ಇಡೇ ಅಂತ ಒಂದು ಮಾತು ಹೇಳೋಕೆ ನನಗೆ ಏನಾಗಿತ್ತು?”

ನಾದಿನಿ ಎದ್ದು ಹೋಗಿ ನೀರು ತಂದುಕೊಟ್ಟಳು. ಕುರ್ಚಿಯನ್ನು ಕೇಳಲಿಲ್ಲ. “ಅದು ನಿಮ್ಮ ಹತ್ರಾನೇ ಇರಲಿ ಭಾವ” ಎಂದು ಹೇಳಿ ಹೋದಳು.

ಮನೆ ಕೈಬಿಟ್ಟು ಹೋಯಿತು. ರಬ್ಬರಣ್ಣ ಬಸ್ ಡಿಪೋದ ಹಿಂದಿನ ಬೀದಿಯಲ್ಲಿ ಒಂದೇ ಕೋಣೆ ಹಿಡಿದ. ಕಲೆಯಿದ್ದ ಗೋಡೆಗೆ ಹೊಸ ಯಜಮಾನರು ಬಣ್ಣ ಹೊಡೆಸಿದರು. ಎರಡು ಕೈ ಹೊಡೆದರೆ ಮಾಯ ಎಂದಿದ್ದರಲ್ಲ ಏಜೆಂಟರು? ಎರಡು ಕೈ ಹೊಡೆದು ಒಣಗಿದ ಮೇಲೆ ಎಣ್ಣೆ ಮೆಲ್ಲಗೆ ಬಣ್ಣದ ಹೊರಗೆ ಬಂತು. ಮೂರನೇ ಕೈ ಹೊಡೆದರು, ಮತ್ತೆ ಬಂತು. ಏಜೆಂಟರು ಜೆರಾಕ್ಸ್ ಯಂತ್ರದ ಪಕ್ಕ ನಿಂತು ಕೂಗಾಡಿದರು. “ಏನ್ರೀ ಅದು ನಿಮ್ಮ ಮನೆ ಗೋಡೆ? ಎಷ್ಟು ಬಳಿದರೂ ಎದ್ದು ಬರುತ್ತಂತಲ್ರೀ!” ಹೆಂಡತಿ ಹೋದ ಮೇಲೆ ರಬ್ಬರಣ್ಣ ಮನಸಾರೆ ನಕ್ಕದ್ದು ಅಂದೇ. ಉಜ್ಜಿದರೂ ಹೋಗದವಳು ಬಳಿದರೆ ಹೋಗುತ್ತಾಳೆಯೇ?

ಆದರೆ ನಗು ಬಹಳ ದಿನ ಉಳಿಯಲಿಲ್ಲ. ಕೊನೆಗೆ ಆ ಜಾಗದ ಗಾರೆಯನ್ನೇ ಕೆತ್ತಿ ತೆಗೆದು ಹೊಸದಾಗಿ ಮೆತ್ತಿಸಿದರಂತೆ.

ಹೊಸ ಕೋಣೆಯ ಒಡತಿ ಮುದುಕಿಯದು ಒಂದೇ ಷರತ್ತು, ಗೋಡೆಗೆ ಮೊಳೆ ಹೊಡೆಯಬಾರದು. ರಬ್ಬರಣ್ಣ ಬೆತ್ತದ ಕುರ್ಚಿಯನ್ನು ಕಿಟಕಿಯ ಪಕ್ಕ ಗೋಡೆಗೆ ಆನಿಸಿ ಇಟ್ಟ. ಸಂಜೆ ಬಂದು ಅದರಲ್ಲಿ ಕುಳಿತು ತಲೆ ಹಿಂದಕ್ಕೆ ಒರಗಿಸಿದ. ಹೀಗೆಯೇ ಎಷ್ಟೋ ಸಂಜೆ ಒರಗಿಸಿ, ಎದ್ದು ತಿರುಗಿ ನೋಡಿದ. ಗೋಡೆ ಬೆಳ್ಳಗೆ ಇದ್ದ ಹಾಗೇ ಇತ್ತು. ಬೋಳುತಲೆಯಿಂದ ಏನು ತಾನೇ ಹತ್ತಬೇಕು.

ಬೀದಿಯ ಕೊನೆಯ ಅಂಗಡಿಗೆ ಹೋಗಿ, ಹೆಂಡತಿ ಹಚ್ಚುತ್ತಿದ್ದ ಎಣ್ಣೆಯದೇ ಒಂದು ದೊಡ್ಡ ಸೀಸೆ ಕೇಳಿದ. ಅಂಗಡಿಯವನು ಸೀಸೆ ಕೆಳಗಿಳಿಸಿ, ಧೂಳು ಒರೆಸಿ, ರಬ್ಬರಣ್ಣನ ನುಣ್ಣನೆಯ ತಲೆಯನ್ನು ಮೇಲಿಂದ ಕೆಳಗೆ ನೋಡಿದ.

“ಇದು ಯಾರಿಗೆ ಸಾರ್?”

ಕೆಮ್ಮು ಗಂಟಲವರೆಗೆ ಬಂತು. ರಬ್ಬರಣ್ಣ ಅದನ್ನು ನುಂಗಿಕೊಂಡ.

“ಗೋಡೆಗೆ” ಎಂದ.